ಮಗುಚಿದ್ದು ಸರಿ, ಏಳಲಿಲ್ಲ ಏಕೆ?

ಪ್ರಶ್ನೆ: ನಾವು ಗದಗದ ಕಡೆಯವರು, ಇಪ್ಪತ್ತೆರಡು ವರ್ಷಗಳಿಂದ ಗೋವೆಯ ವಾಸ್ಕೋದಲ್ಲಿ ಇದ್ದೇವೆ. ಮಗನಿಗೆ 19 ವರ್ಷ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾನೆ. ಎನ್‌ಸಿಸಿ ನೌಕಾ ವಿಭಾಗದಲ್ಲಿ ಹಾಯಿದೋಣಿ ನಡೆಸಲು ಕಲಿತವನು ಆಮೇಲೆ ಅದರದೇ ಧ್ಯಾನದಲ್ಲಿ ಬಿದ್ದ. ಕಂಪ್ಯೂಟರಿನಲ್ಲಿ ತಾನೇ ನಕ್ಷೆ ಬರೆದು, ಮನೆಯ ಪಕ್ಕದ ಶೆಡ್ಡಿನಲ್ಲಿ 12 ಅಡಿಯ ಪ್ಲೈವುಡ್ ದೋಣಿ ಕಟ್ಟಿದ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಮೂರೂವರೆಗೆ ಗೆಳೆಯನೊಂದಿಗೆ ಅದನ್ನು ಜುವಾರಿ ನದಿಗೆ ಇಳಿಸಿದ. ಅದು ತನ್ನಷ್ಟಕ್ಕೆ ಗಾಳಿಯ ಕಡೆಗೇ ತಿರುಗುತ್ತಿತ್ತಂತೆ, ಚುಕ್ಕಾಣಿ ಹಿಡಿದ ಕೈ ಸೋತುಹೋಯಿತಂತೆ. ಕೊನೆಗೆ ಮಗುಚಿತು. ಇಬ್ಬರೂ ಲೈಫ್ ಜಾಕೆಟ್ ಹಾಕಿದ್ದರು. ದೋಣಿಯನ್ನು ನೆಟ್ಟಗೆ ಮಾಡಿದರೂ ಒಳಗಿನ ನೀರು ಎಷ್ಟು ಮೊಗೆದರೂ ಖಾಲಿಯಾಗಲಿಲ್ಲ, ಮೀನುಗಾರರು ಎಳೆದು ತಂದರು. ‘ಮಗುಚುವ ದೋಣಿ ಮಾಡಿದವನು ಎಂಥ ಎಂಜಿನಿಯರ್? ಅದನ್ನು ಕಡಿದು ಸೌದೆ ಮಾಡುತ್ತೇನೆ’ ಎಂದು ನಮ್ಮ ಯಜಮಾನರು ಕೂತಿದ್ದಾರೆ. ಮಗನೋ ಹಾಯಿದೋಣಿ ವಿನ್ಯಾಸವನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎನ್ನುತ್ತಾನೆ. ಅವನ ವಿನ್ಯಾಸ ತಪ್ಪೇ? ಇದರಲ್ಲಿ ಹೊಟ್ಟೆ ತುಂಬುತ್ತದೆಯೇ? ಅವನನ್ನು ತಡೆಯಬೇಕೋ ಬಿಡಬೇಕೋ ತಿಳಿಯುತ್ತಿಲ್ಲ.

ಉತ್ತರ: ಅಮ್ಮ, ಮೊದಲ ಮಾತು ನಿಮ್ಮ ಯಜಮಾನರಿಗೆ. ಡಿಂಗಿ ಎಂದರೆ ನಿಮ್ಮ ಮಗ ಕಟ್ಟಿದಂಥ ಸಣ್ಣ ಹಾಯಿದೋಣಿ, ಮಗುಚದ ಡಿಂಗಿ ಈ ಲೋಕದಲ್ಲಿ ಇಲ್ಲ. ಒಲಿಂಪಿಕ್ಸ್‌ನಲ್ಲಿ ಓಡುವ ಫಾರ್ಟಿನೈನರ್ ದೋಣಿಗಳನ್ನು ಜಗತ್ತಿನ ಅತ್ಯುತ್ತಮ ನಾವಿಕರು ನಡೆಸುತ್ತಾರೆ, ಗಾಳಿ ಜೋರಾದ ದಿನ ಅವರೂ ನೀರಿಗೆ ಬೀಳುತ್ತಾರೆ. ಯಜಮಾನರ ಮನಸ್ಸಿನಲ್ಲಿ ಇರುವುದು ಬಹುಶಃ ಕೀಲು ದೋಣಿ. ನಮ್ಮ ದಿವಾರ್ ದ್ವೀಪದಲ್ಲೇ ಕಟ್ಟಿದ ‘ಮ್ಹಾದೇಯಿ’ ಅಂಥದ್ದು. 2009ರಲ್ಲಿ ಹೊರಟ ದಿಲೀಪ್ ದೋಂಡೆ ಒಬ್ಬರೇ ಅದರಲ್ಲಿ ಭೂಮಿ ಸುತ್ತಿ ಬಂದರು. ಅಂಥ ದೋಣಿಯ ಹೊಟ್ಟೆಯ ಕೆಳಗೆ ಕೀಲು ಎಂಬ ಭಾರದ ರೆಕ್ಕೆ ಇರುತ್ತದೆ, ಅಲೆ ಅಡ್ಡ ಮಲಗಿಸಿದರೂ ಆ ಭಾರವೇ ಎಳೆದು ನಿಲ್ಲಿಸುತ್ತದೆ. ಡಿಂಗಿಗೆ ಆ ಭಾರ ಇಲ್ಲ. ಅದರ ಭಾರ ಎಂದರೆ ಒಳಗೆ ಕೂತ ಮನುಷ್ಯರೇ. ಅವರು ಗಾಳಿ ಬರುವ ಕಡೆಯ ಅಂಚಿಗೆ ಹಿಂಬದಿ ಹೊರಚಾಚಿ ಕೂತರೆ ದೋಣಿ ನಿಲ್ಲುತ್ತದೆ, ಒಂದು ಗಳಿಗೆ ಮೈಮರೆತರೆ ಮಲಗುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ನಿಮ್ಮ ಮಗನ ಹಾಯಿ ಸುಮಾರು 6 ಚದರ ಮೀಟರ್ ಎಂದಿಟ್ಟುಕೊಳ್ಳೋಣ. ಗಂಟೆಗೆ 18 ಕಿಲೋಮೀಟರ್ ಗಾಳಿಗೆ ಆ ಹಾಯಿಯ ಮೇಲೆ ಪಕ್ಕಕ್ಕೆ ತಳ್ಳುವ ಬಲ ಹತ್ತು ಹನ್ನೊಂದು ಕಿಲೋದಷ್ಟು. ಹಾಯಿಯ ನಡುವಿನಿಂದ ನೀರಿನೊಳಗೆ ಇಳಿಬಿಡುವ ಹಲಗೆಯಾದ ಡ್ಯಾಗರ್‌ಬೋರ್ಡಿನ ನಡುವಿಗೆ ಎರಡೂವರೆ ಮೀಟರ್ ಸನ್ನೆಯ ದೂರ. ಅಂದರೆ ದೋಣಿಯನ್ನು ಮಲಗಿಸುವ ಸನ್ನೆಬಲ, ಕಿಲೋವನ್ನು ಮೀಟರಿನಿಂದ ಗುಣಿಸಿದರೆ, ಸುಮಾರು 27. ಗಾಳಿಯ ವೇಗ ಎರಡು ಪಟ್ಟಾದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು! 27 ಇದ್ದದ್ದು 108 ಆಗುತ್ತದೆ. ಎದುರಿಗೆ ನಿಲ್ಲುವವರು 60 ಕಿಲೋ ತೂಕದ ಇಬ್ಬರು ಹುಡುಗರು. ಮಧ್ಯರೇಖೆಯಿಂದ 70 ಸೆಂಟಿಮೀಟರ್ ಹೊರಗೆ ಕೂತರೆ ಅವರು ಕೊಡಬಲ್ಲದ್ದು 84. ದೋಣಿಯ ಅಗಲ ಇನ್ನಷ್ಟು ಸೇರಿಸಬಹುದು, ಆದರೆ ಆ ಹೊತ್ತಿಗೆ ಹಾಯಿಯ ಹಗ್ಗ ಸಡಿಲಿಸದಿದ್ದರೆ ಯಾವ ಮಹಾ ವಿನ್ಯಾಸಕಾರನೂ ನಿಮ್ಮನ್ನು ಉಳಿಸಲಾರ.

ಏಪ್ರಿಲ್ ಮಧ್ಯಾಹ್ನ ಮೂರೂವರೆ ಎಂದಿರಿ. ಗೋವೆಯಲ್ಲಿ ಬೇಸಿಗೆಯ ಬೆಳಿಗ್ಗೆ ನೆಲದ ಕಡೆಯಿಂದ ಮೆಲುಗಾಳಿ ಇರುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಸಮುದ್ರದಿಂದ ವಾಯವ್ಯ ಗಾಳಿ ಎದ್ದು ಮೂರು ನಾಲ್ಕು ಗಂಟೆಯ ಹೊತ್ತಿಗೆ ತುಟ್ಟತುದಿಗೆ ಬರುತ್ತದೆ. ಆ ಹೊತ್ತಿಗೆ ಇಳಿತದ ನೀರು ಎದುರಿನಿಂದ ಹರಿದುಬರುತ್ತಿದ್ದರೆ ಜುವಾರಿಯಲ್ಲಿ ಗಿಡ್ಡ, ಕಡಿದಾದ ಅಲೆಗಳು ಏಳುತ್ತವೆ. ಹೊಸ ದೋಣಿಯ ಮೊದಲ ಪರೀಕ್ಷೆಗೆ ಇದಕ್ಕಿಂತ ಕೆಟ್ಟ ಮುಹೂರ್ತ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ಇಷ್ಟು ಹುಡುಗನ ತಪ್ಪು, ದೋಣಿಯದಲ್ಲ.

ಹಾಗಾದರೆ ದೋಣಿಯ ತಪ್ಪು ಯಾವುದು? ನೀವು ಪತ್ರದಲ್ಲಿ ಬಾಯಿಮಾತಿಗೆಂಬಂತೆ ಹೇಳಿದ ಸಂಗತಿ: ಮೊಗೆದರೂ ನೀರು ಖಾಲಿಯಾಗಲಿಲ್ಲ. ಅದನ್ನು ಓದಿದಾಗ ನನಗೆ ನಿದ್ದೆ ಬರಲಿಲ್ಲ. ಮಗುಚಿದ್ದಕ್ಕೆ ನಾನು ಹೆದರುವುದಿಲ್ಲ, ನೆಟ್ಟಗಾದ ಮೇಲೂ ನೀರು ಬಿಟ್ಟು ಏಳದೇ ಹೋದದ್ದಕ್ಕೆ ಹೆದರುತ್ತೇನೆ. ಡಿಂಗಿ ವಿನ್ಯಾಸಕಾರನ ಕೆಲಸದ ಅರ್ಧ ಭಾಗ, ನನ್ನ ಲೆಕ್ಕದಲ್ಲಿ ದೊಡ್ಡ ಅರ್ಧ, ಶುರುವಾಗುವುದು ದೋಣಿ ಮಗುಚಿದ ಮೇಲೆ.

ಮಗನನ್ನು ಒಂದು ಪ್ರಶ್ನೆ ಕೇಳಿ. ಡ್ಯಾಗರ್‌ಬೋರ್ಡ್ ಇಳಿಯುವ ಪೆಟ್ಟಿಗೆಯ ಮೇಲ್ತುದಿ, ದೋಣಿ ನೀರು ತುಂಬಿ ನಿಂತಾಗ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿತ್ತೋ ಕೆಳಗಿತ್ತೋ? ಕೆಳಗಿತ್ತು ಎಂದು ನಾನು ಪಣ ಕಟ್ಟುತ್ತೇನೆ. ಆ ಪೆಟ್ಟಿಗೆ ಎಂದರೆ ದೋಣಿಯ ತಳದಲ್ಲಿ ನಾವೇ ಕೊರೆದ ಕಿಟಕಿ. ಅದರ ಬಾಯಿ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ನೀವು ಬಕೆಟ್ಟಿನಲ್ಲಿ ಹೊರಗೆ ಚೆಲ್ಲಿದಷ್ಟು ನೀರು ಅಲ್ಲಿಂದ ಒಳಗೆ ಬರುತ್ತದೆ, ಸಮುದ್ರವನ್ನೇ ಮೊಗೆದಂತೆ. ಹನ್ನೆರಡು ಅಡಿಯ ದೋಣಿಯಲ್ಲಿ ಸುಲಭವಾಗಿ ಮುನ್ನೂರು ಲೀಟರ್ ನೀರು ನಿಲ್ಲುತ್ತದೆ. ಅದು ಸುಮ್ಮನೆ ನಿಲ್ಲುವುದೂ ಇಲ್ಲ. ದೋಣಿ ಎಡಕ್ಕೆ ವಾಲಿದರೆ ಅದೂ ಎಡಕ್ಕೆ ಓಡಿ ಇನ್ನಷ್ಟು ವಾಲಿಸುತ್ತದೆ. ಹತ್ತಲು ಹೋದ ಹುಡುಗರು ಮತ್ತೆ ಮಗುಚುವುದು ಇದೇ ಕಾರಣಕ್ಕೆ.

‘ಮರದ ದೋಣಿ ಮುಳುಗುವುದಿಲ್ಲ’ ಎಂಬ ಮಾತು ಹುಡುಗನ ತಲೆಯಲ್ಲಿ ಇದ್ದಿರಬಹುದು. ಅರ್ಧ ಸತ್ಯ. 80 ಕಿಲೋದ ಪ್ಲೈವುಡ್ ದೋಣಿ ಪೂರ್ತಿ ನೀರು ತುಂಬಿದಾಗ ತನ್ನನ್ನು ತಾನು ತೇಲಿಸಿಕೊಂಡು ಮೇಲೆ ಮೂವತ್ತು ಚಿಲ್ಲರೆ ಕಿಲೋ ಮಾತ್ರ ಹೊರಬಲ್ಲದು. ಅಂದರೆ ಅದರ ಅಂಚು ನೀರಿನ ಮಟ್ಟಕ್ಕೆ ಸಮ. ಹಿಡಿದುಕೊಂಡು ಕಾಯಲು ಸಾಕು, ಹತ್ತಿ ಕೂರಲು ಸಾಲದು. ಅದಕ್ಕಾಗಿಯೇ ಗಾಳಿ ತುಂಬಿದ ಚೀಲಗಳನ್ನೋ ಮುಚ್ಚಿದ ಕೋಣೆಗಳನ್ನೋ ಒಳಗೆ ಕೊಡುತ್ತೇವೆ. ಇನ್ನೂರು ಲೀಟರ್ ಗಾಳಿ ಎಂದರೆ ಇನ್ನೂರು ಕಿಲೋ ಎತ್ತುವ ಬಲ. ಚೀಲ ಕೊಳ್ಳಲು ಹಣವಿಲ್ಲದಿದ್ದರೆ ಹೋಟೆಲುಗಳಿಗೆ ಅಡುಗೆ ಎಣ್ಣೆ ಬರುವ 15 ಲೀಟರಿನ ಪ್ಲಾಸ್ಟಿಕ್ ಡಬ್ಬಿಗಳನ್ನು ಕೇಳಿ ತನ್ನಿ, ಹದಿನಾಲ್ಕು ಡಬ್ಬಿ ಸಾಕು. ಮುಚ್ಚಳ ಬಿಗಿಯಾಗಿರಲಿ, ಕಟ್ಟುವ ಪಟ್ಟಿ ಅದಕ್ಕಿಂತ ಬಿಗಿಯಾಗಿರಲಿ. ನಾನು ನೋಡಿದ ಬಹುತೇಕ ಅವಘಡಗಳಲ್ಲಿ ಚೀಲ ಒಡೆದಿರಲಿಲ್ಲ, ಅದನ್ನು ಕಟ್ಟಿದ ದಾರ ಹರಿದು ಚೀಲ ತೇಲಿಹೋಗಿತ್ತು.

ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂದೂ ಅಲ್ಲ. ಎರಡೂ ಪಕ್ಕಗಳಲ್ಲಿ ಉದ್ದಕ್ಕೂ ತುಂಬಿದರೆ, ಮಗುಚಿದ ದೋಣಿ ಪಕ್ಕಕ್ಕೆ ಮಲಗಿ ತುಂಬಾ ಎತ್ತರದಲ್ಲಿ ತೇಲುತ್ತದೆ. ಡ್ಯಾಗರ್‌ಬೋರ್ಡ್ ಕೈಗೆ ಎಟಕುವುದಿಲ್ಲ, ಗಾಳಿ ಅದನ್ನು ಈಜುವವನಿಗಿಂತ ಬೇಗ ದೂಡಿಕೊಂಡು ಹೋಗುತ್ತದೆ, ನೋಡನೋಡುತ್ತಿದ್ದಂತೆ ಹಾಯಿ ಹೊರುವ ಕೂವೆಮರ ಕೆಳಗಾಗಿ ಪೂರ್ತಿ ಬುಡಮೇಲಾಗುತ್ತದೆ. ಆದ್ದರಿಂದ ಮುಂಭಾಗ, ಹಿಂಭಾಗ, ಸ್ವಲ್ಪವೇ ಪಕ್ಕಗಳಿಗೆ ಹಂಚಬೇಕು. ಕೂವೆಮರದ ಅಲ್ಯೂಮಿನಿಯಂ ಕೊಳವೆಯ ಎರಡೂ ತುದಿಗಳನ್ನು ಫೋಮ್ ತುರುಕಿ ಮುಚ್ಚಬೇಕು. 60 ಮಿಲಿಮೀಟರ್ ದಪ್ಪ, ಐದೂವರೆ ಮೀಟರ್ ಉದ್ದದ ಕೊಳವೆಯಲ್ಲಿ ಹದಿನೈದು ಲೀಟರ್ ಗಾಳಿ ಇರುತ್ತದೆ. ದೋಣಿ ಮಲಗಿದಾಗ ಅದನ್ನು ತಲೆಕೆಳಗಾಗದಂತೆ ತಡೆಯುವುದು ಇದೇ.

ಚುಕ್ಕಾಣಿ ಭಾರವಾದ ವಿಷಯ ಇಷ್ಟು ಗಂಭೀರವಲ್ಲ. ಹಾಯಿಯ ಮೇಲೆ ಗಾಳಿಯ ಬಲ ಒಂದು ಬಿಂದುವಿನಲ್ಲಿ ಕೂತಂತೆ, ನೀರಿನ ತಡೆ ಇನ್ನೊಂದು ಬಿಂದುವಿನಲ್ಲಿ ಕೂತಂತೆ ನಾವು ಲೆಕ್ಕ ಹಾಕುತ್ತೇವೆ. ಹಾಯಿಯ ಬಿಂದು ತೀರಾ ಹಿಂದೆ ಬಿದ್ದರೆ ದೋಣಿ ಗಾಳಿಕೋಳಿಯ ಹಾಗೆ ಮೂತಿಯನ್ನು ಗಾಳಿಯತ್ತ ತಿರುಗಿಸುತ್ತದೆ. ಒಂದಿಷ್ಟು ಹಾಗೆ ತಿರುಗುವುದು ಬೇಕು, ಚುಕ್ಕಾಣಿ ಕೈತಪ್ಪಿದರೆ ದೋಣಿ ತಾನೇ ಗಾಳಿಗೆ ಮುಖ ಮಾಡಿ ನಿಲ್ಲಲಿ ಎಂದು. ಆದರೆ ವಾಲಿದ ದೋಣಿ ಯಾವುದಾದರೂ ಗಾಳಿಗೆ ತಿರುಗಿಯೇ ತಿರುಗುತ್ತದೆ, ಹಾಗಾಗಿ ಮೊದಲು ಮೆಲುಗಾಳಿಯಲ್ಲಿ ದೋಣಿಯನ್ನು ನೆಟ್ಟಗಿಟ್ಟು ನೋಡಲಿ. ಆಗಲೂ ಕೈ ಎಳೆದರೆ ಕೂವೆಮರವನ್ನು ತುಸು ಮುಂದಕ್ಕೆ ಬಾಗಿಸಲಿ. ಅದಕ್ಕೂ ಬಗ್ಗದಿದ್ದರೆ ಮರದ ಬುಡವನ್ನೇ ಮುಂದೆ ಸರಿಸಲಿ. ಒಂದು ಭಾನುವಾರದ ಕೆಲಸ.

ಇನ್ನು ತೂಕ. ‘ದೋಣಿ ಭಾರವಾದಷ್ಟು ಗಟ್ಟಿ, ಗಟ್ಟಿಯಾದಷ್ಟು ಸುರಕ್ಷಿತ’ ಎಂಬ ನಂಬಿಕೆ ನಮ್ಮ ಕರಾವಳಿಯಲ್ಲಿ ಬೇರೂರಿದೆ. ಮೀನು ಹೊರುವ ದೋಣಿಗೆ ಅದು ನಡೆಯುತ್ತದೆ. ಡಿಂಗಿಯಲ್ಲಿ ಸವಾರನೇ ದೋಣಿಗಿಂತ ಭಾರ. ಲೇಸರ್ ಎಂಬ ಹೆಸರಿನ ಡಿಂಗಿಯ ಒಡಲು 59 ಕಿಲೋ, ನಡೆಸುವವನು ಎಂಬತ್ತು. ಒಡಲಿಗೆ ಸೇರುವ ಪ್ರತಿ ಕಿಲೋ ಓಟವನ್ನು ಕಡಿಮೆ ಮಾಡುತ್ತದೆ, ಮಗುಚಿದಾಗ ಎತ್ತುವ ಕೈಯನ್ನು ಸೋಲಿಸುತ್ತದೆ.

ನನ್ನ ಮೊದಲ ಡಿಂಗಿಯ ಕಥೆ ಹೇಳಿಬಿಡುತ್ತೇನೆ. ಅಂಕೋಲೆಯಿಂದ ಬಂದು ಹಡಗುಕಟ್ಟೆಯೊಂದರಲ್ಲಿ ನಕ್ಷೆಗಾರನಾಗಿದ್ದ ಕಾಲ. ಕಾಗದದ ಮೇಲೆ ಅದು 58 ಕಿಲೋ ಇತ್ತು. ಕಟ್ಟಿ ಮುಗಿಸಿ ಮಾಲಿಮ್ ಜೆಟ್ಟಿಯಲ್ಲಿ ಮೀನು ತೂಗುವ ತಕ್ಕಡಿಗೆ ನೇತುಹಾಕಿದರೆ 91! ಮೀನು ವ್ಯಾಪಾರದ ಹೆಂಗಸರೆಲ್ಲ ಸುತ್ತ ನಿಂತು ನಕ್ಕರು. 33 ಕಿಲೋ ಎಲ್ಲಿಂದ ಬಂತೆಂದು ಒಂದು ವಾರ ಹುಡುಕಿದೆ. ಇಲ್ಲಿ ಸಿಗುವ ಐಎಸ್ 710 ಮುದ್ರೆಯ ಮರೈನ್ ಪ್ಲೈ ಗಟ್ಟಿಮರದ್ದು. 6 ಮಿಲಿಮೀಟರ್ ದಪ್ಪದ 8×4 ಅಡಿ ಹಾಳೆ ಹನ್ನೆರಡು ಹನ್ನೆರಡೂವರೆ ಕಿಲೋ ತೂಗುತ್ತದೆ. ನಾನು ಲೆಕ್ಕ ಹಾಕಿದ್ದು ವಿದೇಶಿ ನಕ್ಷೆಗಳಲ್ಲಿ ಬರೆದಿರುವ ಒಕುಮೆ ಮರದ ಹಾಳೆಗೆ, ಅದು ಒಂಬತ್ತರ ಆಸುಪಾಸು. ಉಳಿದದ್ದು ಬಾಚಿ ಬಾಚಿ ಹಚ್ಚಿದ ರೆಸಿನ್ ಅಂಟು, ಮೂರು ಕೈ ಬಣ್ಣ, ಮತ್ತು ಇನ್ನೊಂದು ಆಸನ ಇದ್ದರೆ ಚೆನ್ನಾಗಿತ್ತು ಎಂದು ಗಿರಾಕಿ ಹೇಳಿದಾಗ ನಾನು ಆಡಿಸಿದ ತಲೆ. ಆ ವಾರದಿಂದ ನನ್ನ ಮೇಜಿನ ಮೇಲೆ ನಕ್ಷೆಗಿಂತ ಮೊದಲು ತೂಕದ ಪಟ್ಟಿ ಇರುತ್ತದೆ. ಸ್ಕ್ರೂವನ್ನೂ ತೂಗುತ್ತೇನೆ. ಈಗಿನ ಸಾಫ್ಟ್‌ವೇರಿನಲ್ಲಿ ನಯವಾದ ಒಡಲು ಬರೆಯಲು ಒಂದು ಸಂಜೆ ಸಾಕು. ಪಟ್ಟಿಗೆ ಮೂರು ವಾರ ಹಿಡಿಯುತ್ತದೆ. ನಿಮ್ಮ ಮಗನ ಬಳಿ ಅಂಥ ಪಟ್ಟಿ ಇದೆಯೇ?

ಹಾಳೆಯ ಮೇಲೆ ಎಂಆರ್ ಎಂಬ ಮುದ್ರೆ ಇದ್ದರೆ ಅದು ಕಪಾಟಿಗೆ ಮಾಡಿದ್ದು, ನೀರಿನಲ್ಲಿ ಪದರ ಬಿಡುತ್ತದೆ. ಐಎಸ್ 710 ಹಾಳೆಯ ಅಂಟು 72 ಗಂಟೆ ಕುದಿಸಿದರೂ ಬಿಡಬಾರದು ಎಂಬುದು ನಿಯಮ. ಅನುಮಾನವಿದ್ದರೆ ಅಂಗೈ ಅಗಲದ ತುಂಡನ್ನು ಹಳೆಯ ಪಾತ್ರೆಯಲ್ಲಿ ಒಂದು ದಿನ ಕುದಿಸಿ ನೋಡಲಿ, ನಿಮ್ಮ ಕುಕ್ಕರ್ ಮಾತ್ರ ಕೊಡಬೇಡಿ. ಅಂಟಿಗೆ ಎಪಾಕ್ಸಿಯೇ ಬೇಕು. ಇಲ್ಲಿನ ಫೈಬರ್ ಅಂಗಡಿಗಳಲ್ಲಿ ಸಿಗುವ ಅಗ್ಗದ ಪಾಲಿಯೆಸ್ಟರ್ ರೆಸಿನ್ ಮರವನ್ನು ಸರಿಯಾಗಿ ಹಿಡಿಯುವುದಿಲ್ಲ. ಎಪಾಕ್ಸಿಯನ್ನು ಬರಿಗೈಯಲ್ಲಿ ಮುಟ್ಟಿದರೆ ಕೆಲವರಿಗೆ ಜನ್ಮವಿಡೀ ಚರ್ಮದ ಅಲರ್ಜಿ ಅಂಟಿಕೊಳ್ಳುತ್ತದೆ, ಕೈಗವಸು ಇಲ್ಲದೆ ಬೇಡವೇ ಬೇಡ.

ಈಗ ನಿಮ್ಮ ನಿಜವಾದ ಚಿಂತೆ, ಹೊಟ್ಟೆಪಾಡು.

ಹೆಸರಾದ ಡಿಂಗಿ ವಿನ್ಯಾಸಕಾರರ ಬದುಕು ನೋಡಿದರೆ ಒಂದೇ ದಾರಿ ಎಂಬುದು ಇಲ್ಲ. ಲೇಸರ್ ಬರೆದ ಬ್ರೂಸ್ ಕರ್ಬಿ ವೃತ್ತಿಯಿಂದ ಪತ್ರಕರ್ತ, ನೌಕಾ ವಿನ್ಯಾಸ ಕಾಲೇಜಿನಲ್ಲಿ ಓದಿದವನಲ್ಲ. 1969ರಲ್ಲಿ ಗೆಳೆಯನೊಬ್ಬ ಫೋನಿನಲ್ಲಿ, ಕಾರಿನ ಮೇಲೆ ಹೇರಿಕೊಂಡು ಹೋಗುವಂಥ ಸಣ್ಣ ದೋಣಿ ಬೇಕು ಎಂದಾಗ ಮಾತಾಡುತ್ತಲೇ ಗೀಚಿದ ಚಿತ್ರ ಅದು. 1971ರಲ್ಲಿ ಮಾರುಕಟ್ಟೆಗೆ ಬಂದು ಎರಡು ಲಕ್ಷಕ್ಕೂ ಮೇಲೆ ಮಾರಾಟವಾಯಿತು, 1996ರಲ್ಲಿ ಒಲಿಂಪಿಕ್ಸ್ ಸೇರಿತು. ನಮ್ಮ ವಿಷ್ಣು ಸರವಣನ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದದ್ದು ಅದೇ ದೋಣಿಯಲ್ಲಿ, ಈಗ ಅದರ ಹೆಸರು ಐಎಲ್‌ಸಿಎ. ಇಷ್ಟು ಗೆದ್ದ ಕರ್ಬಿಯೂ ಇಳಿವಯಸ್ಸಿನಲ್ಲಿ ರಾಯಧನಕ್ಕಾಗಿ ಕೋರ್ಟು ಹತ್ತಬೇಕಾಯಿತು. ಇನ್ನೊಂದು ತುದಿಗೆ ಕ್ಲಾರ್ಕ್ ಮಿಲ್ಸ್. ಅಮೆರಿಕದ ಫ್ಲಾರಿಡಾದಲ್ಲಿ ದೋಣಿ ಕಟ್ಟುತ್ತಿದ್ದವನು. 1947ರಲ್ಲಿ ಮಕ್ಕಳಿಗಾಗಿ, ಎಂಟಡಿಯ ಪ್ಲೈವುಡ್ ಹಾಳೆಯ ಅಳತೆಗೆ ತಕ್ಕಂತೆ ಆಪ್ಟಿಮಿಸ್ಟ್ ಎಂಬ ಪೆಟ್ಟಿಗೆಯಂಥ ದೋಣಿ ಬರೆದು ನಕ್ಷೆಯನ್ನು ದಾನ ಮಾಡಿಬಿಟ್ಟ. ಮುಂಬಯಿಯಿಂದ ಚೆನ್ನೈವರೆಗೆ ಇಂದು ಮಕ್ಕಳು ಹಾಯಿ ಕಲಿಯುವುದು ಅದರಲ್ಲೇ.

ನನ್ನ ಕಥೆ ಇವೆರಡರ ನಡುವೆಯೂ ಇಲ್ಲ. ಇಪ್ಪತ್ತೇಳು ವರ್ಷಗಳಲ್ಲಿ ಆರು ಡಿಂಗಿ ವಿನ್ಯಾಸ ಮಾಡಿದ್ದೇನೆ, ಅನ್ನ ಕೊಟ್ಟದ್ದು ಒಂದೂ ಇಲ್ಲ. ಅನ್ನ ಬಂದದ್ದು ಮೀನುಗಾರಿಕೆಯ ಫೈಬರ್ ದೋಣಿಗಳಿಂದ, ಪ್ರವಾಸಿಗರನ್ನು ಹೊರುವ ದೋಣಿಗಳ ಸ್ಥಿರತೆಯ ಲೆಕ್ಕದಿಂದ, ಒಡೆದ ಒಡಲುಗಳ ದುರಸ್ತಿಯಿಂದ. ಆರರಲ್ಲಿ ಒಂದನ್ನು ಒಬ್ಬರು ಪ್ರೀತಿಯಿಂದಲೇ ಕೊಂಡರು. ಮರುವರ್ಷ ಬೇರೊಂದು ಬೀಚಿನಲ್ಲಿ ಅದೇ ದೋಣಿ ಐದು ನಿಂತಿದ್ದವು, ಬೇರೆ ಬಣ್ಣದಲ್ಲಿ. ಕೊಂಡ ದೋಣಿಯ ಮೇಲೆಯೇ ಅಚ್ಚು ತೆಗೆದಿದ್ದರು. ಹಿಂಭಾಗದ ಹಲಗೆಯಲ್ಲಿ ನನ್ನ ಕೈತಪ್ಪಿನಿಂದಾದ ಸಣ್ಣ ಸೊಟ್ಟ ಐದರಲ್ಲೂ ಇತ್ತು! ಜಗಳವಾಡಲು ಹೋದರೆ ವಕೀಲರ ಖರ್ಚು ದೋಣಿಯ ಬೆಲೆಗಿಂತ ಹೆಚ್ಚು. ಬಿಟ್ಟೆ.

ಸ್ಪರ್ಧೆಯ ಪೇಟೆಯೂ ಹೊಸಬರಿಗೆ ತೆರೆದಿಲ್ಲ. ಹೆಚ್ಚಿನ ಹಾಯಿ ಸ್ಪರ್ಧೆಗಳಲ್ಲಿ ಎಲ್ಲರ ದೋಣಿಯೂ ಒಂದೇ ಅಚ್ಚಿನದಾಗಿರಬೇಕು, ಗೆಲ್ಲುವುದು ಮನುಷ್ಯನಾಗಿರಬೇಕು ಎಂಬುದು ನಿಯಮ. ಹಾಗಾಗಿ ಕ್ಲಬ್ಬುಗಳು ಕೊಳ್ಳುವುದು ಆಪ್ಟಿಮಿಸ್ಟ್, ಐಎಲ್‌ಸಿಎಗಳನ್ನೇ. ನಿಮ್ಮ ಮಗ ಎನ್‌ಸಿಸಿಯಲ್ಲಿ ನಡೆಸಿರಬಹುದಾದ ಎಂಟರ್‌ಪ್ರೈಸ್ ಜಾಕ್ ಹೋಲ್ಟ್ 1956ರಲ್ಲಿ ಬರೆದದ್ದು, ಇನ್ನೂ ಓಡುತ್ತಿದೆ. ಹೊಸ ವಿನ್ಯಾಸಕ್ಕೆ ಜಾಗ ಇರುವುದು ತರಬೇತಿಯ ದೋಣಿಗಳಲ್ಲಿ, ರೆಸಾರ್ಟುಗಳಲ್ಲಿ, ಮನೆಯಲ್ಲೇ ಕಟ್ಟಿಕೊಳ್ಳುವ ಹವ್ಯಾಸಿಗಳಲ್ಲಿ. ಅದೇ ಹೋಲ್ಟ್ ಮತ್ತು ಬ್ಯಾರಿ ಬಕ್‌ನೆಲ್ ಸೇರಿ 1960ರ ದಶಕದ ಆರಂಭದಲ್ಲಿ ಹವ್ಯಾಸಿಗಳಿಗೆಂದೇ ಮಾಡಿದ ಮಿರರ್ ಡಿಂಗಿ ಎಪ್ಪತ್ತು ಸಾವಿರ ಮೀರಿತು. ತಾಮ್ರದ ತಂತಿಯಲ್ಲಿ ಪ್ಲೈವುಡ್ ಹಲಗೆಗಳನ್ನು ಹೊಲಿದು, ಹೊಲಿಗೆಯ ಮೇಲೆ ಗಾಜಿನ ನಾರಿನ ಪಟ್ಟಿ ಹಾಕಿ ರೆಸಿನ್ ಬಳಿಯುವ ವಿಧಾನ ಅದು. ಹೊಲಿದು ದೋಣಿ ಕಟ್ಟುವುದು ನಮ್ಮವರಿಗೆ ಹೊಸತೇನಲ್ಲ. ಕೊಂಕಣ ಕರಾವಳಿಯಲ್ಲಿ ತೆಂಗಿನ ನಾರಿನಲ್ಲಿ ಹೊಲಿದ ದೋಣಿಗಳನ್ನು ನಾನು ಚಿಕ್ಕವನಿದ್ದಾಗ ಕಂಡಿದ್ದೇನೆ. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆ ಸೇರಿದ ‘ಕೌಂಡಿನ್ಯ’ ಹಾಗೆ ಹೊಲಿದ ಹಡಗೇ, ಗೋವೆಯಲ್ಲಿ ಕಟ್ಟಿದ್ದು. ಅಜಂತಾದ ಚಿತ್ರ ಒಂದನ್ನು ಬಿಟ್ಟರೆ ಅದಕ್ಕೆ ನಕ್ಷೆ ಇರಲಿಲ್ಲ. ಮಾದರಿ ಮಾಡಿ ಐಐಟಿ ಮದ್ರಾಸಿನವರ ನೆರವಿನಿಂದ ನೀರಿನಲ್ಲಿ ಪರೀಕ್ಷಿಸಿ ನೋಡಬೇಕಾಯಿತು.

ದಾರಿಗಳ ವಿಷಯ. ಓದು ಬಿಡುತ್ತೇನೆ ಎಂದರೆ ಒಪ್ಪಬೇಡಿ. ಕರ್ಬಿಯ ಉದಾಹರಣೆ ಕೊಟ್ಟರೂ ಒಪ್ಪಬೇಡಿ, ಅದು ಬೇರೆ ದೇಶ, ಬೇರೆ ಕಾಲ. ಇಂದು ಜನರನ್ನು ಹೊರುವ ದೋಣಿಯ ನಕ್ಷೆ ಒಪ್ಪಿಗೆಯಾಗಬೇಕಾದರೆ ಲೆಕ್ಕದ ಕೆಳಗೆ ಅರ್ಹತೆ ಇರುವವರ ಸಹಿ ಬೇಕು. ಮೆಕ್ಯಾನಿಕಲ್ ಮುಗಿಸಿ ಖರಗ್‌ಪುರ ಅಥವಾ ಮದ್ರಾಸ್ ಐಐಟಿಯಲ್ಲಿ ನೌಕಾ ವಿನ್ಯಾಸದ ಸ್ನಾತಕೋತ್ತರಕ್ಕೆ ಪ್ರಯತ್ನಿಸುವುದು ನನಗೆ ಕಾಣುವ ಒಳ್ಳೆಯ ದಾರಿ. ಅಪಾಯ ಏನೆಂದರೆ ಅಲ್ಲಿ ಕಲಿಸುವುದು ದೊಡ್ಡ ಹಡಗುಗಳನ್ನು, ಕೈತುಂಬ ಸಂಬಳವೂ ಅಲ್ಲೇ ಸಿಗುತ್ತದೆ. ಐದು ವರ್ಷದಲ್ಲಿ ಹಾಯಿ ಮರೆತೇ ಹೋಗಬಹುದು. ನಿಮಗೆ ಅದು ಅಪಾಯವಾಗಿ ಕಾಣದಿರಬಹುದು, ಅವನಿಗೆ ಕಾಣುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ವಿಹಾರ ನೌಕೆಗಳ ವಿನ್ಯಾಸವನ್ನೇ ಕಲಿಸುತ್ತಾರೆ. ಸಾಲ ಮಾಡಿ ಕಳಿಸಿದರೆ, ಆ ಸಾಲ ತೀರಿಸುವಂಥ ಕೆಲಸ ಈ ಕರಾವಳಿಯಲ್ಲಿ ಇಲ್ಲ, ಅವನು ಅಲ್ಲೇ ಉಳಿಯಬೇಕಾಗುತ್ತದೆ ಎಂದು ತಿಳಿದೇ ಕಳಿಸಿ. ಮೂರನೆಯದು, ರಜೆಯಲ್ಲಿ ದೋಣಿ ಕಟ್ಟುವ ಅಂಗಳದಲ್ಲಿ ಕೂಲಿಗೆ ನಿಲ್ಲುವುದು. ಇದನ್ನು ಯಾವ ದಾರಿ ಹಿಡಿದರೂ ಮಾಡಲೇಬೇಕು. ಉಜ್ಜುಕಾಗದ ಹಿಡಿದು ಒಂದು ತಿಂಗಳು ಒಡಲು ಉಜ್ಜಿದವನು ಅನಗತ್ಯವಾದ ಒಂದು ಮಡಿಕೆಯನ್ನೂ ನಕ್ಷೆಯಲ್ಲಿ ಬರೆಯುವುದಿಲ್ಲ.

ಸದ್ಯಕ್ಕೆ ಹೊಸ ದೋಣಿ ಬೇಡ. ಇದನ್ನೇ ತೂಗಲಿ, ಪೆಟ್ಟಿಗೆಯ ಬಾಯಿ ಎತ್ತರಿಸಲಿ, ಡಬ್ಬಿ ಕಟ್ಟಲಿ. ಮಳೆಗಾಲ ಮುಗಿದು ಅಕ್ಟೋಬರ್ ಬಂದ ಮೇಲೆ ಪಣಜಿಯ ಬಂದರು ಇಲಾಖೆಯಲ್ಲಿ ವಿಚಾರಿಸಿ, ಬೆಳಿಗ್ಗೆ ಎಂಟಕ್ಕೆ, ಎದೆಮಟ್ಟದ ನೀರಿನಲ್ಲಿ, ದಡದ ಹತ್ತಿರ, ಬೇಕೆಂದೇ ಮಗುಚಿಸಲಿ. ಇಬ್ಬರು ಒಳಗೆ ಕೂತು ಬಕೆಟ್ಟಿನಲ್ಲಿ ನೀರು ಖಾಲಿ ಮಾಡಲು ಎಷ್ಟು ನಿಮಿಷ ಹಿಡಿಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಲಿ. ಆ ಸಂಖ್ಯೆಯನ್ನೂ ತೂಕದ ಪಟ್ಟಿಯನ್ನೂ ಹಿಡಿದು ನನ್ನ ಬಳಿ ಬಂದರೆ ಮುಂದಿನ ಮಾತು ಆಡೋಣ.

ಯಜಮಾನರಿಗೆ ಇನ್ನೊಂದು ಮಾತು ಉಳಿಯಿತು. ಎಪಾಕ್ಸಿ ಬಳಿದ ಪ್ಲೈವುಡ್ ಸೌದೆಗೆ ಬರುವುದಿಲ್ಲ, ಅದರ ಹೊಗೆ ಮನೆಯೊಳಗೆ ಬಂದರೆ ಒಳ್ಳೆಯದಲ್ಲ. ಮಳೆ ಹಿಡಿಯುವ ಮೊದಲು ದೋಣಿಯನ್ನು ಶೆಡ್ಡಿನಲ್ಲಿ ಎರಡು ಹಳೆಯ ಟಯರಿನ ಮೇಲೆ ಬೋರಲು ಹಾಕಿಸಿ. ತಾಡಪಾಲನ್ನು ಬಿಗಿದು ಮುಚ್ಚಬೇಡಿ, ಒಳಗೆ ಗಾಳಿ ಆಡದಿದ್ದರೆ ಬೂಸು ಹಿಡಿಯುತ್ತದೆ.